ನಲವತ್ತೆರಡು ಪದರ ಸುಣ್ಣ

ಬಿಜೆರ್ತಾ,
ಮಾರ್ಚ್ ೧೧

ತಮ್ಮಾ ಶಾಕಿರ್,

ನಿನ್ನ ಪತ್ರ ಬಂದು ಆರು ವಾರವಾಯಿತು. ಕೆಲಸವಿತ್ತು ಎಂದರೆ ಸುಳ್ಳಲ್ಲ. ಯಾವ ಕೆಲಸ ಎಂದು ಹೇಳುವ ಧೈರ್ಯವಿರಲಿಲ್ಲ. ಮಕ್ಕಳ ಕೆಮ್ಮು ಹೋಯಿತೇ? ನೀನು ಕಳಿಸಿದ ಆಲಿವ್ ಎಣ್ಣೆ ಅರ್ಧ ಮುಗಿದಿದೆ.

ಸೇನೆಯವರು ತಮ್ಮ ಹಳೆಯ ಕಟ್ಟಡಗಳನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಸಲಹೆ ಕೇಳಿ ನನ್ನನ್ನು ಕರೆಸಿದ್ದರು. ಮೊದಲನೆಯದೇ ಬಂದರಿನ ಹಿಂದಿನ ಬ್ಯಾರಕ್, ಅಪ್ಪನನ್ನು ಕೂಡಿಹಾಕಿದ್ದದ್ದು. ಅಮ್ಮ ಪ್ರತಿ ಗುರುವಾರ ಊಟದ ಬುಟ್ಟಿ ಹಿಡಿದು ನಿಲ್ಲುತ್ತಿದ್ದ ಬಾಗಿಲಿನಿಂದಲೇ ಒಳಗೆ ಹೋದೆ. ಕಾವಲಿನವನು ಸೆಲ್ಯೂಟ್ ಹೊಡೆದ. ಏನು ಮಾಡಬೇಕೆಂದು ತಿಳಿಯದೆ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ.

ಗೋಡೆಗಳಿಂದ ಉಪ್ಪು ಉದುರುತ್ತಿತ್ತು. ಕರ್ನಲ್ ಹಮ್ಮಾದಿ ಒಳ್ಳೆಯ ಮನುಷ್ಯ, ಆತುರಗಾರ.

"ಮೇಡಂ, ವರ್ಷಾ ವರ್ಷಾ ಸುಣ್ಣ ಹೊಡೆದು ಸಾಕಾಯ್ತು. ಎಲ್ಲಾ ಕೆತ್ತಿ ಒಂದ್ಸಲ ಸಿಮೆಂಟ್ ಮೆತ್ತಿಬಿಟ್ರೆ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

ನನ್ನ ಜೊತೆ ಬಂದಿದ್ದ ಮುದುಕ ಗಾರೆಯವರು, ಖ್ಮಾಯಿಸ್ ಚಾಚಾ, ಸುಮ್ಮನಿರಲಿಲ್ಲ. "ಸಿಮೆಂಟ್ ಮೆತ್ತಿದ್ರೆ ಗೋಡೆ ಮೂಗು ಮುಚ್ಚಿದ ಹಾಗೆ, ಸಾಹೇಬ್ರೆ. ಉಪ್ಪು ಒಳಗೇ ಕೂತು ಕಲ್ಲು ತಿನ್ನುತ್ತೆ. ಅಷ್ಟಕ್ಕೂ ಸುಣ್ಣ ನಿಮಗೆ ಯಾವಾಗ ಬೇಜಾರಾಯ್ತು? ಜನರಲ್ ಬರ್ತಾರೆ ಅಂದ್ರೆ ನಿಂತ ಬೆಕ್ಕಿಗೂ ಬಳೀತೀರಿ."

"ಕತ್ತೆಗೂ ಬಳಿದಿದ್ದೀವಿ, ಚಾಚಾ. ಅದು ಸೆಲ್ಯೂಟ್ ಹೊಡೀಲಿಲ್ಲ, ಅಷ್ಟೇ."

ನಾನೂ ನಕ್ಕೆ. ಆ ಕಟ್ಟಡದೊಳಗೆ ನಗಬಹುದೆಂದು ತಿಳಿದಿರಲಿಲ್ಲ.

ಕೆತ್ತಬಾರದು, ಸುಣ್ಣದ ಮೇಲೆ ಸುಣ್ಣವನ್ನೇ ಬಳಿಯಬೇಕು ಎಂದು ವರದಿ ಬರೆದೆ. ಗೋಡೆಗಾಗಿ ಬರೆದೆನೋ ನಮಗಾಗಿಯೋ ಎಂದು ಹಲವು ದಿನ ಯೋಚಿಸಿದೆ. ಗೋಡೆಗೆ ಅದೇ ಸರಿ. ಅಷ್ಟು ಮಾತ್ರ ಖಚಿತ. ನಿನ್ನೆ ಕರ್ನಲ್ ಒಪ್ಪಿ ಸಹಿ ಹಾಕಿದರು.

ನಿನ್ನ ಮನೆ ಬೆಚ್ಚಗಿರಲಿ. ಮಕ್ಕಳು ನಿನಗಿಂತ ಎತ್ತರಕ್ಕೆ ಬೆಳೆಯಲಿ.

ನಿನ್ನ ಅಕ್ಕ,
ದಲೆಂದಾ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ವರದಿಗೆ ಮೊದಲು ಗೋಡೆಯ ಒಂದು ಪಟ್ಟಿಯನ್ನು ಬಿಡಿಸಿ ಪದರ ಎಣಿಸುವುದು ನಮ್ಮ ಕ್ರಮ. ಅಪ್ಪನಿದ್ದದ್ದೆಂದು ಅಮ್ಮ ಹೇಳುತ್ತಿದ್ದ ಮೂರನೆಯ ಕೋಣೆಯಲ್ಲೇ ಬಿಡಿಸಿದೆ, ನೆಲದಿಂದ ಎದೆಯವರೆಗೆ. ವರ್ಷಕ್ಕೊಂದು ಪದರ. ನಲವತ್ತೆರಡನೆಯದರ ಕೆಳಗೆ ಮೊಳೆಯಿಂದ ಗೀರಿದ ಅಡ್ಡಗೆರೆ, ಪಕ್ಕದಲ್ಲಿ ನನ್ನ ಹೆಸರು. ಮನೆಯ ಬಾಗಿಲಲ್ಲಿ ಅಪ್ಪ ನನ್ನ ಎತ್ತರ ಗುರುತು ಹಾಕುತ್ತಿದ್ದ ಹಾಗೆಯೇ. ನೋಡದೆ ಊಹಿಸಿದ್ದಾನೆ, ಐದು ವರ್ಷಕ್ಕೆ ನಾನು ಅಷ್ಟು ಎತ್ತರವಿರಲಿಲ್ಲ.

ನೀನು ಹುಟ್ಟಿದ್ದು ಅಪ್ಪನಿಗೆ ಗೊತ್ತಾಗಿತ್ತೇ ಎಂದು ನೀನು ಕೇಳಿದಾಗಲೆಲ್ಲ ಅಮ್ಮ ಎದ್ದು ಹೋಗುತ್ತಿದ್ದಳು. ಅವಳಿಗೂ ತಿಳಿದಿರಲಿಲ್ಲ. ನೀನು ಹುಟ್ಟಿದ ಮೂರನೆಯ ದಿನ ಬುಟ್ಟಿಯಲ್ಲಿ ರೊಟ್ಟಿಯ ಕೆಳಗೆ ನಿನ್ನ ಅಂಗಿಯೊಂದನ್ನು ಇಟ್ಟು ಕಳಿಸಿದ್ದಳು. ಮುಂದಿನ ಗುರುವಾರ ಬುಟ್ಟಿ ತುಂಬಿದ ಹಾಗೆಯೇ ವಾಪಸು ಬಂತು, ಅಪ್ಪ ಇರಲಿಲ್ಲ.

ಶಾಕಿರ್, ನನ್ನ ಗೆರೆಯ ಕೆಳಗೆ, ನೆಲದಿಂದ ಎರಡು ಗೇಣು ಮೇಲೆ, ಇನ್ನೊಂದು ಗೆರೆ ಇದೆ. ಪಟ್ಟಿಯನ್ನು ನಾನೇ ಸುಣ್ಣ ಬಳಿದು ಮುಚ್ಚಿದ್ದೇನೆ. ಆ ಗೆರೆಯ ಪಕ್ಕದಲ್ಲಿ, ಹೆಸರು ಬರೆಯಲೆಂದು ನುಣ್ಣಗೆ ಉಜ್ಜಿಟ್ಟ ಖಾಲಿ ಜಾಗವಿದೆ.