ಮರಳು ಚೀಲ ಕೂರಿಸಿ ನೋಡಿದ ಮೇಲೆ

ಹಗರಿಬೊಮ್ಮನಹಳ್ಳಿ,
ಸೋಮವಾರ

ಗಾದೆಮ್ಮನವರಿಗೆ ನಮಸ್ಕಾರ.

ನಾನು ಗವಿಸಿದ್ದೇಶ್. ವಸ್ತುಪ್ರದರ್ಶನದ ಮೈದಾನದಲ್ಲಿ ನಿಮ್ಮ ಮಗಳು ಅರ್ಚನಾ ಕೊಲಂಬಸ್ ತೂಗುದೋಣಿಯಿಂದ ಬಿದ್ದದ್ದು ಹೇಗೆಂದು ತಿಳಿಯಲು ಬಂದಿದ್ದ ಇಂಜಿನಿಯರ್. ಅವತ್ತು ಆಸ್ಪತ್ರೆಯಲ್ಲಿ ನೀವು ಪೊಲೀಸರಿಗೆ, "ನಾನ ಅಕಿ ಕೈ ಬಿಟ್ಟೆನ್ರಿ, ತಪ್ಪು ನಂದ ಐತಿ" ಎಂದು ಹೇಳಿಕೆ ಕೊಡುವಾಗ ಪಕ್ಕದಲ್ಲೇ ನಿಂತಿದ್ದೆ. ತಪ್ಪು ದೋಣಿಯದಿರಬಹುದೆಂದು ನನಗೆ ಆಗಲೇ ಅನುಮಾನವಿತ್ತು. ಆದರೂ ಮಾತಾಡಲಿಲ್ಲ.

ನಿನ್ನೆ ನೀವಿಬ್ಬರು ಕುಳಿತಿದ್ದ ಸೀಟಿನಲ್ಲಿ ಮರಳು ಚೀಲಗಳನ್ನು ಇಟ್ಟು ದೋಣಿ ತೂಗಿಸಿದೆ. ವೇಗ ಏರುತ್ತಿದ್ದಂತೆ, ಕುಳಿತವರನ್ನು ತಡೆಯುವ ಅಡ್ಡ ಕಂಬಿ ತಾನಾಗಿಯೇ ತೆರೆದುಕೊಂಡು ಚೀಲಗಳು ಕೆಳಗೆ ಬಿದ್ದವು. ಕಂಬಿಯ ಕೊಂಡಿ ಸವೆದುಹೋಗಿದೆ. ಆ ವೇಗದಲ್ಲಿ ಯಾವ ತಾಯಿಯೂ ಮಗುವನ್ನು ಹಿಡಿದಿಡಲಾರಳು.

ಪ್ರದರ್ಶನ ಶುರುವಾಗುವ ಮೊದಲು ಈ ದೋಣಿ ಸುರಕ್ಷಿತವೆಂದು ಸಹಿ ಮಾಡಿದವನೂ ನಾನೇ. ಅಂದು ಭಾರ ಇಟ್ಟು ನೋಡಬೇಕು ಎಂದಾಗ ಮಾಲೀಕರು, "ಜನ ಕಾಯಾಕತ್ಯಾರ್ರಿ ಸಾಹೇಬ್ರ, ಖಾಲಿನ ಓಡಿಸಿ ತೋರಸ್ತೀನಿ, ನೋಡ್ರಿ" ಎಂದರು. ನೋಡಿ ಒಪ್ಪಿಕೊಂಡೆ.

ಇದನ್ನೆಲ್ಲ ಮೇಲಧಿಕಾರಿಗೆ ಬರೆದುಕೊಟ್ಟು, ತನಿಖೆಗೆ ಬೇರೆಯವರನ್ನು ಕಳಿಸಲು ಕೇಳಿದ್ದೇನೆ. ನೀವು ದಯವಿಟ್ಟು ಠಾಣೆಗೆ ಹೋಗಿ ನಿಮ್ಮ ಹೇಳಿಕೆ ಬದಲಿಸಿ. ಇಲ್ಲದಿದ್ದರೆ ಮಾಲೀಕರ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಅರ್ಚನಾ ಕಾಲೂರಿ ನಿಲ್ಲಲು ಇನ್ನೂ ತಿಂಗಳುಗಳು ಬೇಕೆಂದು ಡಾಕ್ಟರು ಹೇಳಿದರು. ವಾರ್ಡಿನ ತನಕ ಬಂದಿದ್ದೆ. ಬಾಗಿಲು ದಾಟಲಾಗಲಿಲ್ಲ. ತಾನು ಯಾಕೆ ಬಿದ್ದೆ ಎಂದು ಅವಳು ಎಂದಾದರೂ ಕೇಳಿದರೆ, ನನ್ನ ಹೆಸರು ಹೇಳಿ.

ಇಂತಿ,
ಗವಿಸಿದ್ದೇಶ್