ಸತ್ತ ಸಸಿಗೆ ಬದಲಿ ಕೊಡುವ ಖರ್ಚಿನ ಬಗ್ಗೆ

ಮಾನ್ಯ ಕೃಷಿ ಸಾಲ ವಿಭಾಗದ ಮುಖ್ಯಸ್ಥರೇ,

ನಿಮ್ಮ ಫೈಲು ಮುಂದೆ ಹೋಗಲೆಂದು, ಚೆನ್ನಾಗಿ ನಡೆಯುತ್ತಿದ್ದ ಒಂದು ವ್ಯಾಪಾರವನ್ನು ನಾನು ಕೈಯಾರೆ ಕೆಡಿಸಿದ್ದೇನೆ. ದೂರು ನಿಮ್ಮ ಮೇಲೆಯೇ. ಆದರೆ ನನ್ನ ಪಾಲನ್ನು ಮುಚ್ಚಿಟ್ಟು ನಿಮ್ಮನ್ನು ಬೈಯಲು ನಾಲಿಗೆ ಏಳುತ್ತಿಲ್ಲ. ಹಾಗಾಗಿ ಎಲ್ಲರೂ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿರುವ ಸಲಹೆಗಾರ. ಹಳ್ಳಿಯ ಸಣ್ಣ ಉದ್ಯಮಗಳಿಗೆ ಯೋಜನಾ ವರದಿ ಬರೆದು, ಸಾಲ ಮಂಜೂರು ಮಾಡಿಸುವುದು ನನ್ನ ಕಸುಬು. ಹೋದ ವರ್ಷ ನನ್ನ ಬಳಿ ಬಂದವರು ತರಕಾರಿ ಸಸಿ ಬೆಳೆಸಿ ಮಾರುವ ಹೆಂಗಸು. ಸುತ್ತಲಿನ ರೈತರೆಲ್ಲ ಅವರನ್ನು ಸಸಿಯಕ್ಕ ಎನ್ನುತ್ತಾರೆ. ಅವರೂ ಅವರ ನಾದಿನಿಯೂ ಹಸಿರು ಪರದೆಯ ಒಂದೇ ನೆರಳುಮನೆಯಲ್ಲಿ ಟೊಮೆಟೊ, ಬದನೆ, ಮೆಣಸಿನ ಸಸಿ ಬೆಳೆಸುತ್ತಿದ್ದರು. ಬೇಡಿಕೆ ಹೆಚ್ಚಿ, ಇನ್ನೆರಡು ಕಟ್ಟಲು ಸಾಲ ಬೇಕಿತ್ತು.

ಅವರಲ್ಲೊಂದು ಪದ್ಧತಿ ಇತ್ತು. ಕೊಂಡ ಸಸಿ ಹತ್ತು ದಿನದೊಳಗೆ ಸತ್ತರೆ, ಅದನ್ನು ಬೇರು ಸಮೇತ ತಂದು ತೋರಿಸಿದರೆ ಸಾಕು, ಬದಲಿ ಸಸಿ ಪುಕ್ಕಟೆ.

“ತಪ್ಪು ಅವರದೇ ಆಗಿದ್ರೆ?” ಎಂದು ಕೇಳಿದೆ.

“ಬೇರು ನೋಡಿದ್ರೆ ಗೊತ್ತಾಗುತ್ತೆ ಸಾರ್. ಅವರ ತಪ್ಪಾದ್ರೆ ಹೇಳಿ ಕಳಿಸ್ತೀನಿ. ರೋಗ ನಮ್ಮ ಟ್ರೇಯಲ್ಲೇ ಇದ್ರೆ ನಮಗೂ ಬೇಗ ತಿಳಿಯುತ್ತಲ್ಲ.”

ತಲೆಯಾಡಿಸಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಮ್ಮ ಕೋಣೆ ನೆನಪಿದೆಯೇ? ವರದಿಯಲ್ಲಿ ‘ಬದಲಿ’ ಎಂಬ ಸಾಲಿನ ಮೇಲೆ ಪೆನ್ನು ತಟ್ಟಿ, “ಇದೇನ್ರೀ, ದಾನಧರ್ಮಾನಾ? ತೆಗೆಸಿ, ಫೈಲ್ ತಾನಾಗೇ ಮುಂದೆ ಹೋಗುತ್ತೆ” ಎಂದಿರಿ. ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಮುಖ ಎಲ್ಲಿಡುವುದೋ ತಿಳಿಯುವುದಿಲ್ಲ. ಸಸಿಯ ಬೇರು ಹೇಗಿರುತ್ತದೆಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದೆವು. ಎಂಥ ಅಚ್ಚುಕಟ್ಟಾದ ವ್ಯವಸ್ಥೆ!

ಇನ್ನು ಬದಲಿ ಕೊಡುವುದಿಲ್ಲವೆಂದು ಸಸಿಯಕ್ಕನನ್ನೂ ನಾದಿನಿಯನ್ನೂ ಒಪ್ಪಿಸಿ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿಸಿದೆ. ಸಾಲ ಬಂತು, ಹೊಸ ನೆರಳುಮನೆಗಳು ಎದ್ದವು. ‘ಮಾರಿದ ಸಸಿಗೆ ಬದಲಿ ಇಲ್ಲ’ ಎಂಬ ಬೋರ್ಡನ್ನು ನಾನೇ ಬರೆಸಿ ತೂಗುಹಾಕಿದೆ. ಕೆಲವು ವಾರಗಳ ನಂತರ, ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಾಗ, ಹಳೆಯ ಗಿರಾಕಿಯೊಬ್ಬರು ಬಾಡಿದ ಸಸಿಗಳ ಟ್ರೇ ಹಿಡಿದು ಬಂದರು. ನಾದಿನಿ ಬೋರ್ಡು ತೋರಿಸಿದರು.

“ಸಸಿ ಬೇಡಮ್ಮ. ಬೇರು ಒಂದ್ಸಲ ನೋಡು, ಅಷ್ಟು ಸಾಕು.”

“ನೋಡಿದ್ರೆ ಕೊಡ್ಬೇಕಾಗುತ್ತೆ ಅಣ್ಣ. ಸೈನ್ ಹಾಕಿಬಿಟ್ಟಿದೀವಿ.”

ಅವರು ಟ್ರೇ ಎತ್ತಿಕೊಂಡು ಹೊರಟರು. ನಾನು ನಾದಿನಿಗೆ ಶಹಬ್ಬಾಸ್ ಹೇಳಿದೆ. ಹೌದು, ಹೇಳಿದೆ.

ಟ್ರೇಗಳಿಗೆ ಮಣ್ಣಿನ ಬದಲು ತುಂಬಲು ಹೊಸದಾಗಿ ತರಿಸಿದ ತೆಂಗಿನ ನಾರಿನ ಪುಡಿಯಲ್ಲೇ ಕೊಳೆರೋಗ ಇತ್ತು. ಸತ್ತ ಸಸಿಯ ಬೇರನ್ನು ಯಾರೂ ನೋಡದ ಕಾರಣ ಅದು ತಿಳಿಯುವಷ್ಟರಲ್ಲಿ ಮೂರು ಬ್ಯಾಚ್ ಮಾರಾಟವಾಗಿತ್ತು. ಗಿರಾಕಿಗಳು ಜಗಳವಾಡಲಿಲ್ಲ, ಬರುವುದನ್ನು ನಿಲ್ಲಿಸಿದರು. ಕಂತು ತಪ್ಪಿತು. ಮೂರೂ ನೆರಳುಮನೆಗಳಿಗೆ ಬೀಗ ಹಾಕುವುದಾಗಿ ನೀವು ನೋಟಿಸು ಕಳಿಸಿದಿರಿ. ಹಳೆಯದನ್ನೂ ಅಡವಿಡಿಸಿದ ಬುದ್ಧಿವಂತ ನಾನೇ.

ಮೊನ್ನೆ ಹೋದಾಗ ಬೈಗುಳ ತಿನ್ನಲು ಸಿದ್ಧನಾಗಿಯೇ ಹೋಗಿದ್ದೆ. ಸಸಿಯಕ್ಕ ಕುರ್ಚಿ ಒರೆಸಿ ಕೊಟ್ಟರು. “ನಿಮ್ಮನ್ನ ಏನಂತ ಬೈಲಿ ಸಾರ್? ನನಗೆ ಗೊತ್ತಿದ್ದದ್ದನ್ನ ನಾನೇ ಬಿಟ್ಟುಕೊಟ್ನಲ್ಲ. ಬೀದೀಲಿ ತಲೆ ಎತ್ತಿ ನಡೆಯೋಕೆ ಆಗ್ತಿಲ್ಲ,” ಎಂದರು. ನಾಚಿಕೆಪಡಬೇಕಾದವರು ನಾವಿಬ್ಬರು, ತಲೆತಗ್ಗಿಸಿ ನಡೆಯುತ್ತಿರುವವರು ಅವರು. ಇದು ಯಾವ ನ್ಯಾಯ?

ಆದ್ದರಿಂದ ಕೇಳುತ್ತೇನೆ. ಆ ‘ಬದಲಿ’ಯ ಸಾಲು ತೆಗೆಸಿದ್ದು ನಾವಿಬ್ಬರೇ ಎಂದು ಅವರ ಫೈಲಿನಲ್ಲಿ ಬರೆಯಿರಿ. ನಾನು ಸಹಿ ಹಾಕುತ್ತೇನೆ, ನಿಮ್ಮ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ. ಕಂತಿಗೆ ಒಂದು ವರ್ಷದ ಅವಕಾಶ ಕೊಡಿ. ಅಷ್ಟು ದೊಡ್ಡ ಮನಸ್ಸು ನಿಮ್ಮ ನಿಯಮಗಳಿಗೆ ಇಲ್ಲವಾದರೆ, ಏಳು ದಿನವನ್ನಾದರೂ ಕೊಡಿ. ಸಸಿಯಕ್ಕ ಹಳೆಯ ನೆರಳುಮನೆಯಲ್ಲಿ ಮತ್ತೆ ಬೀಜ ಹಾಕಿದ್ದಾರೆ, ಮಾರುವುದಕ್ಕಲ್ಲ. ಆ ಮೂರು ಬ್ಯಾಚಿನ ಸಸಿ ಕೊಂಡವರ ಮನೆಮನೆಗೆ ಹೋಗಿ ಬದಲಿ ಕೊಟ್ಟು ಬರುತ್ತಾರಂತೆ. ಸಸಿ ನಾಟಿಗೆ ಬರಲು ಇನ್ನೂ ಇಪ್ಪತ್ತೈದು ದಿನ ಬೇಕು. ನಿಮ್ಮ ನೋಟಿಸಿನಲ್ಲಿ ಉಳಿದಿರುವುದು ಹದಿನೆಂಟು.

ಇಂತಿ,
ನಿಮ್ಮ ವಿಶ್ವಾಸ ಗಳಿಸಲು ಹೋಗಿ ಅವರ ವಿಶ್ವಾಸ ಕಳೆದ
ಒಬ್ಬ ಸಲಹೆಗಾರ