ನಮ್ಮ ಬೀದಿಯಲ್ಲಿ ಪರದೇಶಿ ಇಲ್ಲ

ಭಾನುವಾರ, ಹದಿನಾರನೇ ತಾರೀಕು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ನಾನೂ ಅಳಿಯನೂ ಗಟ್ಟಿಯಾಗಿದ್ದೇವೆ. ಕಾಗದ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನಿನ್ನ ನರ್ಸಿಂಗ್ ಪರೀಕ್ಷೆ ಮುಗಿಯಲಿ ಎಂದು ಕಾದಿದ್ದೆ. ಅಳಿಯನ ವಾಸದ ಪರವಾನಗಿ ಏನಾಯಿತೆಂದು ನೀನು ಕೇಳಿದಾಗಲೆಲ್ಲ ಫೋನಿನಲ್ಲಿ "ಬರುತ್ತೆ, ಬರುತ್ತೆ" ಎಂದು ತೇಲಿಸಿದೆ. ಬಿಡಿಸಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕಿ ಕಥೆಯ ಕಾಲು ಮುರಿಯುತ್ತೀ. ಈಗ ಸಮಾಧಾನವಾಗಿ ಕೂತು ಓದು.

ಒಂದು ದಿನ ನಾನೂ ಅಳಿಯನೂ ಟೈರು ಟ್ಯೂಬು ತರಲು ಪೇಟೆಗೆ ಹೋಗಿದ್ದೆವು. (ಅವನನ್ನು 'ಅಳಿಯಂದಿರು' ಎಂದರೆ, ಇನ್ಯಾರು ಬಂದರು ಎಂದು ಹಿಂದೆ ತಿರುಗಿ ನೋಡುತ್ತಾನೆ. ಅದಕ್ಕೇ ಮರ್ಯಾದೆ ಕೊಡುವುದನ್ನು ಬಿಟ್ಟಿದ್ದೇನೆ.) ನಮ್ಮ ಸೈಕಲ್ ಅಂಗಡಿಗೂ ಮನೆಗೂ ಬೀಗ. ಅಳಿಯ ನಿಜವಾಗಿ ಇಲ್ಲಿ ವಾಸವಿದ್ದಾನೋ ಇಲ್ಲವೋ ವಿಚಾರಿಸಲು ವಯಸ್ಸಾದ ಪೊಲೀಸಪ್ಪನೊಬ್ಬ ಬಂದನಂತೆ. ಅಳಿಯನ ಹೆಸರಿಗೆ ಅವನ ನಾಲಿಗೆ ಹೊರಳಲಿಲ್ಲ. 'ವಿದೇಶಿ' ಎಂದಿದ್ದರೂ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಾತ್ಮ ನಮ್ಮ ಎದುರುಮನೆ ಇಸ್ತ್ರಿ ಅಕ್ಕನ ಮುಂದೆ ನಿಂತು, "ಈ ಬೀದೀಲಿ ಒಬ್ಬ ಪರದೇಶಿ ಇದ್ದಾನಂತಲ್ಲ, ಎಲ್ಲಿ?" ಎಂದುಬಿಟ್ಟ.

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ಯಾರ್ರೀ ಪರದೇಶಿ? ದಿಕ್ಕುದೆಸೆ ಇಲ್ಲದೋರು ನಮ್ಮ ಬೀದೀಲಿ ಯಾರೂ ಇಲ್ಲ. ಎಲ್ರಿಗೂ ಮನೆ ಇದೆ, ಮಂದಿ ಇದ್ದಾರೆ. ನಡೀರಿ!"

ಪೊಲೀಸಪ್ಪ ಪಕ್ಕದ ಕಟಿಂಗ್ ಅಂಗಡಿಗೆ ಹೋದ. ಅಲ್ಲಿ ನಮ್ಮ ಕಟಿಂಗ್ ಮಾಮ, "ಪರದೇಶೀನಾ? ಹೆಂಡ್ತಿ ತವರಿಗೆ ಹೋದಾಗ ನಾನೇ ಸ್ವಲ್ಪ ಹಾಗಿರ್ತೀನಿ ಸಾರ್. ಬೇರೆ ಯಾರೂ ಇಲ್ಲ" ಎಂದನಂತೆ.

ಎಂಟು ದಿನಕ್ಕೆ ನೋಟೀಸು ಬಂತು: ಈ ವಿಳಾಸದಲ್ಲಿ ಅಂಥ ವಿದೇಶಿ ಯಾರೂ ಇಲ್ಲ, ಅರ್ಜಿ ಸುಳ್ಳು, ತಿಂಗಳೊಳಗೆ ದೇಶ ಬಿಡತಕ್ಕದ್ದು. ನನ್ನ ಜೀವ ಬಾಯಿಗೆ ಬಂತು ಮಗಳೇ. ಅಳಿಯನನ್ನು ಕರೆದುಕೊಂಡು ಕಚೇರಿಗೆ ಓಡಿದೆ. ಇಸ್ತ್ರಿ ಅಕ್ಕನೂ ಕಟಿಂಗ್ ಮಾಮನೂ ಅಂಗಡಿ ಮುಚ್ಚಿ ಹಿಂದೆಯೇ ಬಂದರು.

ಅಲ್ಲಿನ ಅಧಿಕಾರಿಣಿ ಎಲ್ಲ ಕೇಳಿಸಿಕೊಂಡು, ಇಸ್ತ್ರಿ ಅಕ್ಕನ ಕಡೆ ತಿರುಗಿ, "ನೋಡಮ್ಮ, ಇವನು ಪರದೇಶಿ, ನಿಮ್ಮ ಬೀದೀಲೇ ಇದ್ದಾನೆ ಅಂತ ಒಂದು ಮಾತು ಹೇಳು, ಸಾಕು" ಎಂದಳು.

"ಸತ್ರೂ ಹೇಳಲ್ಲ ಮೇಡಂ. ನಾವೆಲ್ಲ ಬದುಕಿಲ್ವಾ?"

"ನೀನು ಅವನಿಗೆ ಏನಾಗ್ಬೇಕು?"

"ಅಕ್ಕ."

"ಒಡಹುಟ್ಟಿದವಳಾ?"

"ಎದುರುಮನೆಯವಳು. ಜಗಳ ಆಡೋಕೆ ಅಷ್ಟು ಹತ್ರ ಸಾಕು."

"ಅವನು ಅಲ್ಲೇ ಇರ್ತಾನೆ ಅನ್ನೋದಕ್ಕೆ ಏನು ಸಾಕ್ಷಿ?"

"ದಿನಾ ಬೆಳಗ್ಗೆ ಪಂಪು ಹೊಡೀತಾ ಹಾಡು ಹೇಳ್ತಾನೆ. ರಾಗ ಇಲ್ಲ, ತಾಳ ಇಲ್ಲ. ಅವನು ಅಲ್ಲಿರ್ಲಿಲ್ಲ ಅಂದಿದ್ರೆ ನನ್ನ ಕಿವಿ ನೆಟ್ಟಗಿರ್ತಿತ್ತು!"

ಅಧಿಕಾರಿಣಿ ಫೈಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ಪೊಲೀಸಪ್ಪನನ್ನು ಮತ್ತೆ ಕಳಿಸಿದಳು. ಈ ಸಲ ಅವನು ಜಾಣ. "ಸೈಕಲ್ ಅಂಗಡಿ ಅಳಿಯ ಎಲ್ಲಿ?" ಎಂದ. ಇಡೀ ಬೀದಿ ಕೈ ತೋರಿಸಿತು.

ಮೊನ್ನೆ ಕಚೇರಿಯಲ್ಲಿ ಪರವಾನಗಿ ಕೈಗೆ ಬಂತು, ಐದು ವರ್ಷಕ್ಕೆ! ಅಳಿಯ ಕೇಳಿದ್ದು ಒಂದೇ: "ಇನ್ನು ನಾನು ನಮ್ಮೂರಿಗೆ ಹೋಗಿ ವಾಪಸ್ ಬರ್ಬೋದಾ ಮೇಡಂ?" "ಧಾರಾಳವಾಗಿ" ಎಂದಳು ಆಕೆ. ಕಟಿಂಗ್ ಮಾಮ ಅಲ್ಲಿಯೇ ಅವನನ್ನು ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡಿದ್ದಾನೆ. ನರ್ಸಮ್ಮ ಯಾವಾಗ ಬರ್ತಾಳೆ ಎಂದು ಗಳಿಗೆಗೊಮ್ಮೆ ಕೇಳುತ್ತಾನೆ.

ಬೇಗ ಬಾ. ನಿಮ್ಮಿಬ್ಬರ ಬಾಳಿನ ಚಕ್ರಕ್ಕೆ ಎಂದೂ ಗಾಳಿ ಇಳಿಯದಿರಲಿ.

ಇಂತಿ ನಿನ್ನ,
ಅಪ್ಪ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಳಿಯನ ಊರಲ್ಲಿ ನಿನ್ನ ಅತ್ತೆ ಹೋದ ತಿಂಗಳು ತೀರಿಕೊಂಡರು. ಅರ್ಜಿ ತೀರ್ಮಾನವಾಗುವ ಮೊದಲು ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲವಂತೆ. "ನೀನು ಹೋಗಪ್ಪ, ಹೆತ್ತವಳ ಮಣ್ಣಿಗೆ ಹೋಗದೆ ಇರಬಾರದು" ಎಂದೆ. "ಹೋದ್ರೆ ಅವಳ ಹತ್ರ ಹೇಗೆ ಬರ್ಲಿ ಮಾವ? ಅವಳಿಗೆ ಈಗ್ಲೇ ಹೇಳ್ಬೇಡಿ, ಪರೀಕ್ಷೆ ಬಿಟ್ಟು ಓಡಿ ಬರ್ತಾಳೆ" ಎಂದ. ಅವತ್ತೆಲ್ಲ ಒಂದೇ ಚಕ್ರದ ಕಡ್ಡಿಗಳನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಅಷ್ಟೇ ಮಾಡಿದ. ಶುಕ್ರವಾರ ಊರಿಗೆ ಹೊರಡುತ್ತಾನೆ. ನೀನು ಅದಕ್ಕೆ ಮೊದಲೇ ಬಾ. ಯಾಕೆ ಮುಚ್ಚಿಟ್ಟಿರಿ ಎಂದು ನನ್ನನ್ನು ಆಮೇಲೆ ಎಷ್ಟು ಬೇಕಾದರೂ ಬೈ. ಅವನು ಇನ್ನೂ ಅತ್ತಿಲ್ಲ, ಮಗಳೇ.